ನಾನು ನೋಡಿದ್ದ ಮುಖ

ಬುಧವಾರ, 24 ಜನವರಿ 2007. ಬ್ಯಾಡಗಿ

ಮೇಘಾ ಇವತ್ತು ತವರಿನಿಂದ ಬಂದಳು. ಮಾವನವರು ಕರ್ಜಗಿಯಿಂದ ಗಾಡಿಯಲ್ಲಿ ಕರೆತಂದು ಬಿಟ್ಟುಹೋದರು. ಚಹಾ ಆಗುವ ತನಕವೂ ಕೂರಲಿಲ್ಲ. ಮಗಳನ್ನು ಸಂಭಾಳಿಸಿಕೊಳ್ಳಿ ಎಂದು ಅವ್ವನಿಗೆ ಹೇಳಿದರು, ನನ್ನ ಕಡೆ ನೋಡಲಿಲ್ಲ. ಮೇಘಾ ಚೀಲ ಇಟ್ಟವಳೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಲು ಕೂತಳು. ಆ ಪಾತ್ರೆಗಳು ಮೊದಲೇ ತಿಕ್ಕಿಟ್ಟವಾಗಿದ್ದವು.

ಹೋದ ತಿಂಗಳು ಹಾವೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ದಿನ ತುಂಬಿದ ಹೆಣ್ಣುಕೂಸು. ಉಸಿರಿರಲಿಲ್ಲ. ನಮ್ಮ ಮೊದಲನೆಯದು. ಇಲ್ಲಿ ಇಷ್ಟು ಬರೆದುಬಿಟ್ಟರೆ ಮತ್ತೆ ಅದರ ಬಗ್ಗೆ ಬರೆಯುವ ಪ್ರಸಂಗ ಬರಲಾರದು.

ಅವ್ವ ನೆರೆಯವರಿಗೆಲ್ಲ ಮೊದಲೇ ಹೇಳಿಟ್ಟಿದ್ದಾಳೆ, ಯಾರೂ ಏನೂ ಕೇಳಬಾರದು ಎಂದು. ಆಸ್ಪತ್ರೆಯಲ್ಲಿ ಮೇಘಾಳಿಗೆ ಕೂಸನ್ನು ತೋರಿಸಬಾರದು ಎಂದವಳೂ ಅವ್ವನೇ. ನೋಡಿದರೆ ಮಾಯೆ ಹತ್ತುತ್ತದೆ, ಮುಂದಿನದಕ್ಕೆ ಒಳ್ಳೆಯದಲ್ಲ ಎಂದಳು. ಮಾವನವರು ಹೌದೆಂದರು. ನಾನೂ ಹೌದೆಂದೆ.

ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಮಷೀನಿನ ಸದ್ದು ಬೇರೆ ಥರ ಬರುತ್ತಿದೆ, ಸೂಪರ್‌ವೈಸರ್ ಆದವನು ನೋಡಬೇಕಲ್ಲ ಎಂದು ಹೇಳಿ ಹೋದೆ. ಸದ್ದು ಸರಿಯಾಗಿಯೇ ಇತ್ತು.

ಮಂಗಳವಾರ, 30 ಜನವರಿ

ಊಟಕ್ಕೆ ಕೂತಾಗ ಮೇಘಾ ಕೇಳಿದಳು. ಬಂದ ಮೇಲೆ ತಾನಾಗಿ ಆಡಿದ ಮೊದಲ ಮಾತು ಇದೇ ಇರಬೇಕು.

“ಕೂಸಿನ ಮಾರಿ ಹ್ಯಾಂಗಿತ್ತು?”

ಅವ್ವ ಸಾರು ಬಡಿಸುತ್ತಿದ್ದಳು. ಸೌಟು ನನ್ನ ತಾಟಿನ ಮೇಲೆ ಹಾಗೇ ನಿಂತಿತು. ಅದನ್ನೆಲ್ಲ ಮರೆತಷ್ಟೂ ಒಳ್ಳೆಯದು ಎಂದೆ. ಕೈ ತೊಳೆದು ಹೊರಗೆ ಬಂದು ಬೈಕ್ ಹತ್ತಿದೆ. ಮೋಟೆಬೆನ್ನೂರಿನ ತನಕ ಹೋಗಿ ಅಲ್ಲಿ ಏನೂ ಕೆಲಸವಿಲ್ಲದೆ ತಿರುಗಿ ಬಂದೆ.

ಮಂಗಳವಾರ, 6 ಫೆಬ್ರವರಿ

ಮೇಘಾಳನ್ನು ಡಾಕ್ಟರಿಗೆ ತೋರಿಸಲು ಹಾವೇರಿಗೆ ಕರೆದೊಯ್ದಿದ್ದೆ. ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, ದೇಹ ಸುಧಾರಿಸಿದೆ ಎಂದರು. ನನ್ನನ್ನು ಪಕ್ಕಕ್ಕೆ ಕರೆದು, ಇವರು ಒಂದು ಮಾತಿಗೂ ಉತ್ತರ ಕೊಡಲಿಲ್ಲ, ಮನಸ್ಸಿಗೂ ಒಂದು ಆರೈಕೆ ಬೇಕು ಎಂದರು. ರಾಣೆಬೆನ್ನೂರಿನಲ್ಲಿ ಪುಷ್ಪಲತಾ ಎನ್ನುವವರಿದ್ದಾರಂತೆ. ಮೊದಲು ಚಿತ್ರಕಲೆಯ ಶಿಕ್ಷಕಿ, ಆಮೇಲೆ ಬೆಂಗಳೂರಿನಲ್ಲಿ ಇದನ್ನೇ ಕಲಿತು ಬಂದವರು. ಮಾತು ಬಾರದಾದವರಿಂದ ಬಣ್ಣ, ಮಣ್ಣು, ಹಾಡು, ಬಾರಿಸುವುದು, ಏನು ಸಾಧ್ಯವೋ ಅದನ್ನು ಮಾಡಿಸಿ ಮನಸ್ಸನ್ನು ಹಗುರ ಮಾಡುತ್ತಾರಂತೆ.

ಅವ್ವನಿಗೆ ಹೇಳಿದರೆ, ಸಣ್ಣ ಹುಡುಗರಂಗ ಬಣ್ಣ ಹಚ್ಚಿದ್ರ ದುಃಖ ಹೋಗತದೇನು ಎಂದಳು. ನನಗೂ ನಂಬಿಕೆಯಿಲ್ಲ. ಆದರೆ ಮನೆಯಲ್ಲಿ ಕೂರುವುದಕ್ಕಿಂತ ಎಲ್ಲಿಗಾದರೂ ಹೋಗುವುದು ಬೇಕಾಗಿದೆ.

ಶನಿವಾರ, 10 ಫೆಬ್ರವರಿ

ರಾಣೆಬೆನ್ನೂರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆವು. ಪುಷ್ಪಲತಾ ಮೇಡಂ ಅವರ ಕೋಣೆ ಒಂದು ಬೀಜದ ಅಂಗಡಿಯ ಮೇಲಿದೆ. ಮೆಟ್ಟಿಲ ತುಂಬ ಬೀಜಕ್ಕೆ ಹಚ್ಚುವ ಔಷಧದ ವಾಸನೆ. ಒಳಗೆ ಕುರ್ಚಿ ಮೇಜು ಏನೂ ಇಲ್ಲ, ಜಮಖಾನ ಹಾಸಿದೆ. ಮೂಲೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿಟ್ಟ ಮಣ್ಣು. ಕಿಟಕಿಯ ಬಳಿ ಸೋಮಣ್ಣ ಎನ್ನುವ ವಯಸ್ಸಾದವರೊಬ್ಬರು ದಪ್ಪು ಬಾರಿಸುತ್ತ ಕೂತಿದ್ದರು. ಹೆಂಡತಿ ತೀರಿದ ಮೇಲೆ ಮಾತು ಬಿಟ್ಟಿದ್ದರಂತೆ. ತಾಳವೂ ಇಲ್ಲ, ಲಯವೂ ಇಲ್ಲ, ಒಟ್ಟು ಬಾರಿಸುವುದು. ಮೇಡಂ ಅವರನ್ನು ತಡೆಯಲಿಲ್ಲ.

ನೀವೂ ಒಳಗೆ ಬನ್ನಿ ಎಂದು ನನ್ನನ್ನು ಕರೆದರು. ನನಗೇನೂ ಆಗಿಲ್ಲ ಎಂದು ಹೇಳಿ ಕೆಳಗಿಳಿದೆ. ಸ್ಟೇಶನ್ನಿನ ತನಕ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಅಂಗಡಿಯವನು ಬೀಜ ಬೇಕಿತ್ತೇನ್ರಿ ಎಂದು ಕೇಳಿದ.

ಮೇಘಾ ಹೊರಗೆ ಬಂದಾಗ ಅವಳ ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣವಿತ್ತು. ಗಾಡಿಯಲ್ಲಿ ಕಿಟಕಿಗೆ ಒರಗಿ ನಿದ್ದೆ ಹೋದಳು. ನಾನು ಬಾಗಿಲಲ್ಲಿ ನಿಂತೇ ಬಂದೆ.

ಶನಿವಾರ, 17 ಫೆಬ್ರವರಿ

ಇವತ್ತು ಅವಳನ್ನು ಕರೆಯಲು ಮೇಲೆ ಹೋದಾಗ ಅವಳು ಬಿಡಿಸಿದ್ದನ್ನು ಗೋಡೆಗೆ ಅಂಟಿಸಿದ್ದರು. ಅರಿವೆಯಲ್ಲಿ ಸುತ್ತಿದ ಕೂಸು. ಅರಿವೆಯ ನೆರಿಗೆಗಳನ್ನು ಒಂದೂ ಬಿಡದೆ ಬರೆದಿದ್ದಾಳೆ. ಹೊರಗೆ ಬಂದ ಪುಟ್ಟ ಪಾದ, ಪಾದದ ಬೆರಳು, ಬೆರಳಿನ ಉಗುರು, ಎಲ್ಲ ಇವೆ. ಮುಖದ ಜಾಗದಲ್ಲಿ ಬರೀ ಬಿಳಿ ಹಾಳೆ.

ಪೂರ್ತಿ ಮಾಡಲಿಲ್ಲವೇಕೆ ಎಂದು ಮೇಡಂ ಅವರನ್ನು ಕೇಳಿದೆ.

“ಆಕಿ ಮಾರಿ ನೋಡಿಲ್ಲಲ್ರಿ” ಎಂದರು.

ಮೇಘಾಳ ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ದಾರಿಯುದ್ದಕ್ಕೂ ಸಿಟ್ಟು. ಸತ್ತದ್ದನ್ನು ಬರೆಸಿ ಬರೆಸಿ ಗಾಯ ಕೆರೆಯುವುದಕ್ಕೆ ಆರೈಕೆ ಎನ್ನುತ್ತಾರಂತೆ. ಮುಂದಿನ ವಾರ ಕರೆದೊಯ್ಯುವುದು ಬೇಡ ಎಂದುಕೊಂಡಿದ್ದೇನೆ.

ಗುರುವಾರ, 22 ಫೆಬ್ರವರಿ

ಮೆಣಸಿನಕಾಯಿ ಮಾರ್ಕೆಟ್ಟಿನ ದಿನ. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹಮಾಲರು ಒಂದು ಚೀಲವನ್ನು ಎತ್ತಿ ಒಗೆದದ್ದಕ್ಕೆ ಕೂಗಾಡಿದೆ. ಮೆಣಸಿನಕಾಯಿ ಚೀಲ, ಒಗೆಯದೆ ಮತ್ತೇನು ಮಾಡುತ್ತಾರೆ. ಕೆಲಸದವರ ಮೇಸ್ತ್ರಿ ಸಲಾವುದ್ದೀನ ನನ್ನನ್ನು ನೆರಳಿಗೆ ಕರೆದೊಯ್ದು ನೀರು ಕೊಟ್ಟ. ಮನೆಯಲ್ಲಿ ಅಕ್ಕಾರು ಹೇಗಿದ್ದಾರೆ ಎಂದು ಕೇಳಿದ. ಅಕ್ಕಾರು ಆರಾಮಿದ್ದಾರೆ, ರಾಣೆಬೆನ್ನೂರಿನ ಔಷಧ ನಡೆದಿದೆ ಎಂದೆ. ನಿಮಗೆ ಯಾರ ಔಷಧ ನಡೆದಿದೆ ಎಂದ. ತಲೆಹರಟೆ.

ಶನಿವಾರ, 3 ಮಾರ್ಚ್

ಏನು ಬರೆಯಲಿ.

ಮೇಘಾ ಇವತ್ತು ರಾಣೆಬೆನ್ನೂರಿಗೆ ತಾನೇ ಹೊರಟು ನಿಂತಿದ್ದಳು. ಜೊತೆಗೆ ಹೋದೆ. ಬರುವಾಗ ಗಾಡಿಯಲ್ಲಿ ಜನ ಕಡಿಮೆ. ದೇವರಗುಡ್ಡ ದಾಟಿದ ಮೇಲೆ ನಾನು ನಿಂತಿದ್ದ ಬಾಗಿಲ ಹತ್ತಿರ ಎದ್ದು ಬಂದಳು.

“ನನಗ ಮಾರಿ ಹೇಳ್ರಿ. ಕಣ್ಣು ಮುಚ್ಚಿದ್ರ ನನಗ ಬರೇ ಅರಿವಿ ಕಾಣತದ” ಎಂದಳು.

ಅದನ್ನು ತಿಳಿದು ಏನು ಮಾಡುತ್ತೀ, ಅವ್ವ ಹೇಳಿದ್ದು ನಿನ್ನ ಒಳ್ಳೆಯದಕ್ಕೇ ಎಂದೆ. ಇನ್ನೂ ಏನೇನೋ ಹೇಳಿದೆ. ಮುಂದೆ ದೇವರು ಕೊಡುತ್ತಾನೆ ಎಂದೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ನಾ ಒಂಬತ್ತು ತಿಂಗಳ ಹೊತ್ತೇನಿ, ನಾ ನೋಡಿಲ್ಲ. ನೀವು ನೋಡೀರಿ. ನಿಮಗ ಅದು ಬ್ಯಾಡಾಗಿದ್ರ ನನಗ ಕೊಡ್ರಿ.”

ಅಷ್ಟರಲ್ಲಿ ಬ್ಯಾಡಗಿ ಬಂತು. ನಾನು ಇಳಿದು ಅವಳ ಚೀಲಕ್ಕೆ ಕೈ ಚಾಚಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಇಳಿಯಲಿಲ್ಲ.

“ಮಾರಿ ಹೇಳೂದಿದ್ರ ಕರ್ಜಗಿಗೆ ಬರ್ರಿ. ಬ್ಯಾರೆ ಮಾತಿಗೆ ಬರಬ್ಯಾಡ್ರಿ” ಎಂದಳು. ಗಾಡಿ ಹೊರಟಿತು. ನಾನು ಸ್ವಲ್ಪ ದೂರ ಜೊತೆಗೆ ನಡೆದೆ, ಆಮೇಲೆ ಪ್ಲಾಟ್‌ಫಾರ್ಮ್ ಮುಗಿಯಿತು.

ಬುಧವಾರ, 7 ಮಾರ್ಚ್

ಅವ್ವ, ಫೋನ್ ಮಾಡಿ ಕರೆಸಿಕೋ ಎನ್ನುತ್ತಾಳೆ. ಮಾಡಿಲ್ಲ. ಮಾಡಿ ಏನು ಹೇಳಬೇಕು?

ಶನಿವಾರ, 10 ಮಾರ್ಚ್

ಜಗಳ ಮಾಡಲೆಂದೇ ರಾಣೆಬೆನ್ನೂರಿಗೆ ಹೋದೆ. ಪುಷ್ಪಲತಾ ಮೇಡಂ ಒಬ್ಬರೇ ಇದ್ದರು, ನೆಲ ಒರೆಸುತ್ತಿದ್ದರು. ನಿಮ್ಮಿಂದ ನನ್ನ ಮನೆ ಒಡೆಯಿತು ಎಂದೆ. ಇಲ್ಲಿಗೆ ಬರುವ ಮೊದಲು ಅವಳು ಸುಮ್ಮನಾದರೂ ಇದ್ದಳು, ಈಗ ಮನೆ ಬಿಟ್ಟು ಹೋಗಿದ್ದಾಳೆ ಎಂದೆ. ಅವರು ಕೈ ಒರೆಸಿಕೊಂಡು ಎದುರಿಗೆ ಕೂತು ಪೂರ್ತಿ ಕೇಳಿದರು. ಎದ್ದು ಹೋಗಿ ಗೋಣಿಚೀಲದ ಕೆಳಗಿನಿಂದ ಒಂದು ಮುದ್ದೆ ಮಣ್ಣು ತಂದು ನನ್ನ ಕೈಗೆ ಇಟ್ಟರು.

ನಾನು ಪೇಶೆಂಟ್ ಅಲ್ಲ ಎಂದೆ.

“ಅಲ್ಲರಿ. ಬೈಯೂದು ಮುಗಿಯೋತನಾ ಹಿಡಕೋರಿ.”

ಬೈದೆ. ಎಷ್ಟು ಹೊತ್ತು ಬೈದೆನೋ. ನಡುನಡುವೆ ಏನು ಹೇಳುತ್ತಿದ್ದೇನೆಂದು ನನಗೇ ಮರೆಯುತ್ತಿತ್ತು. ಆಮೇಲೆ ನೋಡಿದರೆ ಮಣ್ಣನ್ನೆಲ್ಲ ಹಿಚುಕಿ ಸಣ್ಣ ಸಣ್ಣ ಉಂಡೆ ಮಾಡಿ ಜಮಖಾನದ ಮೇಲೆ ಇಟ್ಟಿದ್ದೆ. ಪ್ಯಾಂಟೆಲ್ಲ ಕೆಸರು. ಮೇಡಂ ನಗಲೂ ಇಲ್ಲ, ಬುದ್ಧಿಯೂ ಹೇಳಲಿಲ್ಲ. ಕೈ ತೊಳೆಯಲು ನೀರು ಹಾಕಿದರು.

ಇನ್ನು ಅಲ್ಲಿಗೆ ಹೋಗುವ ಕಾರಣವಿಲ್ಲ.

ಶನಿವಾರ, 17 ಮಾರ್ಚ್

ಮೇಘಾಳ ಚಿತ್ರಗಳು ಅಲ್ಲೇ ಉಳಿದಿದ್ದವು. ಅವನ್ನು ತರಲು ಹೋದೆ. ಮೇಡಂ ಸುರುಳಿ ಸುತ್ತಿ ಕೊಟ್ಟರು. ಆ ಬಿಳಿ ಜಾಗದ ಚಿತ್ರ ಮೇಲೆಯೇ ಇತ್ತು. ಒಂದು ಪೆನ್ಸಿಲ್ ಕೊಡಿ ಎಂದೆ. ಆ ಜಾಗದಲ್ಲಿ ಬರೆಯಲು ಹೋದರೆ ಒಂದು ಗೆರೆಯೂ ಬರಲಿಲ್ಲ. ನನಗೆ ಚಿತ್ರ ಬರುವುದಿಲ್ಲ, ಶಾಲೆಯಲ್ಲೂ ಬರುತ್ತಿರಲಿಲ್ಲ. ಮೇಡಂ ಪೆನ್ಸಿಲ್ ತೆಗೆದುಕೊಂಡು ಮಣ್ಣು ಕೊಟ್ಟರು.

“ಛಂದ ಬರಬೇಕಂತಿಲ್ಲರಿ. ಬಾಯಿಂದ ಬಾರದ್ದು ಕೈಯಿಂದ ಬಂದ್ರ ಬರ್ತದ. ಬರಲಿಲ್ಲಂದ್ರ ಮತ್ತ ಮುದ್ದಿ ಮಾಡಿ ಇಡೂಣು.”

ಸೋಮಣ್ಣ ಅಲ್ಲೇ ದಪ್ಪು ಬಾರಿಸುತ್ತಿದ್ದರು. ಮೊದಲಿನಷ್ಟು ಕರ್ಕಶವಾಗಿರಲಿಲ್ಲ. ನಾನು ಮಾಡಿದ್ದು ಮುಖವಾಗಲಿಲ್ಲ, ಆಲೂಗಡ್ಡೆಯಾಯಿತು. ಮುರಿದೆ. ಮತ್ತೆ ಮಾಡಿದೆ. ಮೂಗು ದೊಡ್ಡದಾಯಿತು. ಮತ್ತೆ ಮುರಿದೆ. ಆದರೆ ಕೆನ್ನೆ ಮಾಡುವಾಗ ಅಂಗೈಗೆ ಏನೋ ನೆನಪಾಯಿತು. ಅದನ್ನು ಬರೆದಿಡಬೇಕು.

ಆ ದಿನ ನರ್ಸ್ ಕೂಸನ್ನು ಬಿಳಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕರ್ಜಗಿಯ ಹೊಳೆಯ ದಂಡೆಗೆ ಒಯ್ಯಬೇಕೆಂದು ಆಗಿತ್ತು. ಮಾವನವರು ಜೀಪಿನ ಮುಂದೆ ಕೂತರು, ನಾನು ಕೂಸಿನ ಜೊತೆ ಹಿಂದೆ. ರಸ್ತೆ ಕೆಟ್ಟಿತ್ತು. ಜೀಪು ಎತ್ತಿ ಹಾಕಿದಾಗ ತಲೆಗೆ ಪೆಟ್ಟಾಗಬಾರದೆಂದು ಕೆಳಗೆ ಅಂಗೈ ಕೊಟ್ಟೆ. ಆಗ ಅರಿವೆ ಸರಿಯಿತು. ನೋಡಿದೆ. ಹಾವೇರಿಯಿಂದ ಕರ್ಜಗಿಯ ತನಕ ನೋಡುತ್ತಲೇ ಹೋದೆ. ನಿದ್ದೆ ಮಾಡುತ್ತಿರುವ ಹಾಗೆ ಇತ್ತು. ತಲೆ ತುಂಬ ಕೂದಲು, ಹಣೆಗೆ ಅಂಟಿಕೊಂಡಿತ್ತು. ಎಡಗಿವಿಯ ಮೇಲಿನ ಅಂಚು ಮಡಚಿತ್ತು. ಕೆಳತುಟಿ ಒಳಗೆ ಎಳೆದುಕೊಂಡಿತ್ತು, ಇನ್ನೇನು ಅಳುತ್ತದೆ ಎನ್ನುವ ಹಾಗೆ. ಗದ್ದದಲ್ಲಿ ಸಣ್ಣದೊಂದು ತಗ್ಗು. ಮೂಗು ಮೇಘಾಳದು, ಅದರಲ್ಲಿ ಎರಡು ಮಾತಿಲ್ಲ. ಕೆನ್ನೆ ನನ್ನ ಅಂಗೈಯಲ್ಲಿ ಸರಿಯಾಗಿ ಕೂತಿತ್ತು. ಇಳಿಯುವ ಹೊತ್ತಿಗೆ ಅದು ನನ್ನ ಕೈಯ ಬಿಸಿಗೆ ಬೆಚ್ಚಗಾಗಿತ್ತು. ಮಾವನವರಿಗೆ ಹೇಳಬೇಕೆನಿಸಿತು, ಇದು ಬೆಚ್ಚಗಿದೆ, ಒಂದು ಸಲ ನೋಡಿ ಎಂದು. ಹೇಳಲಿಲ್ಲ. ಅವರು ಅಷ್ಟರಲ್ಲಿ ಗುದ್ದಲಿ ತೆಗೆದುಕೊಂಡು ಮುಂದೆ ಹೋಗಿದ್ದರು. ನಾನು ಅರಿವೆ ಸರಿಮಾಡಿದೆ.

ಬರೆಯುತ್ತ ಕತ್ತಲಾಗಿದೆ. ಅವ್ವ ಊಟಕ್ಕೆ ಕರೆದಳೋ ಏನೋ, ಕೇಳಿಸಲಿಲ್ಲ.

ಮಂಗಳವಾರ, 20 ಮಾರ್ಚ್. ಯುಗಾದಿ

ಅವ್ವ ಹೋಳಿಗೆ ಮಾಡಿದಳು. ಇಬ್ಬರೇ ಉಂಡೆವು. ಅವಳಿಗೂ ಸೇರಲಿಲ್ಲ.

ಶನಿವಾರ, 24 ಮಾರ್ಚ್

ಆಯಿತು. ಸರಿಯಾಗಿದೆ ಎನ್ನುವುದಿಲ್ಲ. ಕೂದಲು ಮಾಡಲು ಬರಲಿಲ್ಲ, ಬಾಚಣಿಗೆಯ ಹಲ್ಲಿನಿಂದ ಗೆರೆ ಎಳೆದಿದ್ದೇನೆ. ತುಟಿಗೇ ಬಹಳ ಹೊತ್ತು ಹಿಡಿಯಿತು. ಮೇಡಂ ಏನೂ ಕೇಳಲಿಲ್ಲ. ಇದನ್ನು ಕರ್ಜಗಿಗೆ ಒಯ್ಯಲೇ ಎಂದು ನಾನೇ ಕೇಳಿದೆ. ಹಸಿ ಮಣ್ಣು, ಅಲುಗಿದರೆ ಸೀಳುತ್ತದೆ ಎಂದು ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟರು. ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯಲಾಗದೆ ಸ್ವಲ್ಪ ಹೊತ್ತು ಮೇಲೆಯೇ ನಿಂತೆ.

ಸೋಮವಾರ, 26 ಮಾರ್ಚ್

ನಿನ್ನೆ ಕರ್ಜಗಿಗೆ ಹೋದೆ, ಇವತ್ತು ಬಂದೆ. ಕೆಲಸಕ್ಕೆ ಹೇಳದೆ ರಜೆಯಾಯಿತು. ಮಾರ್ಕೆಟ್ಟಿನ ದಿನ ಬೇರೆ.

ಮೇಘಾ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಹೇಳಲು ಬಂದಿದ್ದೇನೆ, ಆದರೆ ಬಾಯಲ್ಲಿ ಬರಲಾರದೆಂದು ಮಾಡಿಕೊಂಡು ಬಂದಿದ್ದೇನೆ ಎಂದೆ. ಅವಳ ಎದುರಿಗೆ ಗಂಟು ಬಿಚ್ಚಿದೆ.

ಮುಟ್ಟಲಿಲ್ಲ. ಎರಡೂ ಕೈ ಶೇಂಗಾದ ಮೊರದಲ್ಲೇ ಇದ್ದವು. ನೋಡಿದಳು, ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, ಕಿವಿ ಹೀಗೇ ಮಡಚಿತ್ತೇ ಎಂದು. ಹೌದೆಂದೆ.

“ಇದು ನಮ್ಮಪ್ಪನ ಕಿವಿ” ಎಂದಳು. ನಕ್ಕಳು. ನಗುತ್ತಲೇ ಅವಳ ಮುಖ ಒಡೆಯಿತು.

ಮೊರವನ್ನು ಸರಿಸಿ, ಅದನ್ನು ಮಡಿಲಿಗೆ ತೆಗೆದುಕೊಂಡು ಅತ್ತಳು. ಮದುವೆಯಾದಾಗಿನಿಂದ ಅವಳು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತು ಹಾಗೇ ಒಳಗೆ ಹೋದರು. ಅವಳು ನಡುನಡುವೆ ಕೇಳಿದಳು, ನಾನು ಹೇಳಿದೆ. ಕೂದಲು ಎಷ್ಟಿತ್ತು, ಬಣ್ಣ ಯಾರದು, ಕೈಮುಷ್ಟಿ ಮುಚ್ಚಿತ್ತೋ ತೆರೆದಿತ್ತೋ. ಬೆಚ್ಚಗಿದ್ದದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಅವಳು ನನ್ನ ಅಂಗೈಯನ್ನು ತಿರುಗಿಸಿ ನೋಡಿದಳು.

ಸಂಜೆಯ ಗಾಡಿ ಹೋಗಿದ್ದೇ ತಿಳಿಯಲಿಲ್ಲ. ಬೆಳಿಗ್ಗೆ ಮಾವನವರೇ ನಮ್ಮಿಬ್ಬರನ್ನು ಹೊಳೆಯ ದಂಡೆಗೆ ಕರೆದೊಯ್ದರು. ಅವರು ಅಲ್ಲಿಗೆ ಆಗಾಗ ಹೋಗುತ್ತಿದ್ದರಂತೆ, ಯಾರಿಗೂ ಹೇಳದೆ.

ಭಾನುವಾರ, 1 ಏಪ್ರಿಲ್

ಮೇಘಾ ಬಂದಿದ್ದಾಳೆ. ಮಣ್ಣಿನ ಮುಖವನ್ನು ನಡುಮನೆಯ ಗೋಡೆಯಲ್ಲಿ ದೀಪ ಇಡುವ ಮಾಡದಲ್ಲಿ ಇಟ್ಟಳು. ಒಣಗಿ ಬೂದಿ ಬಣ್ಣಕ್ಕೆ ಬಂದಿದೆ, ಗದ್ದದ ಹತ್ತಿರ ಕೂದಲೆಳೆಯಷ್ಟು ಸೀಳು. ಅವ್ವ ನೋಡಿದ್ದೇ ತನ್ನ ಮಾರಿ ತಿರುಗಿಸಿಕೊಂಡಳು. ಇದು ಮನೆಯಲ್ಲಿರಬಾರದು, ಹೊಳೆಗೆ ಬಿಟ್ಟು ಬಾ ಎಂದು ನನಗೆ ಹೇಳಿದಳು. ಮೇಘಾ ನನ್ನನ್ನು ನೋಡಿದಳು.

“ಇರ್ಲಿ ಬಿಡವ್ವ” ಎಂದೆ.

ಅವ್ವನ ಮಾತನ್ನು ನಾನು ಹಾಗೆ ತೆಗೆದುಹಾಕಿದ್ದು ನೆನಪಿಲ್ಲ. ಅವಳು ದಿನವಿಡೀ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಉಣ್ಣಲೂ ಇಲ್ಲ.

ಗುರುವಾರ, 5 ಏಪ್ರಿಲ್

ಅವ್ವ ನಡುಮನೆಯಲ್ಲಿ ಓಡಾಡುವಾಗ ಸೆರಗನ್ನು ಆ ಕಡೆಗೆ ಮರೆಮಾಡಿಕೊಂಡು ಹೋಗುತ್ತಾಳೆ. ಮೇಘಾ ಅವಳಿಗೆ ಚಹಾ ಕೊಟ್ಟರೆ ಕುಡಿಯುತ್ತಾಳೆ. ಮಾತಿಲ್ಲ. ಆದರೂ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದೆ, ಸಲಾವುದ್ದೀನ ಬಂದು ಎಬ್ಬಿಸಿದ.

ಭಾನುವಾರ, 8 ಏಪ್ರಿಲ್

ಮಧ್ಯಾಹ್ನ ಪೇಟೆಯಿಂದ ಬಂದೆ. ಅವ್ವ ಗೋಡೆಯ ಮಾಡದ ಎದುರಿಗೆ ನೆಲದ ಮೇಲೆ ಕೂತಿದ್ದಳು. ಮಣ್ಣಿನ ಮುಖ ಅವಳ ಕೈಯಲ್ಲಿತ್ತು. ಒಡೆಯುತ್ತಾಳೆಂದೇ ತಿಳಿದೆ. ಮೇಘಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಸುಮ್ಮನಿರಲು ಕೈಸನ್ನೆ ಮಾಡಿದಳು.

ಅವ್ವ ನಮ್ಮನ್ನು ನೋಡದೆಯೇ ಮಾತಾಡಿದಳು.

“ನಿನಕಿಂತ ಮೊದಲ ಒಂದಿತ್ತು.”

ನನಗೆ ಅರ್ಥವಾಗಲಿಲ್ಲ. ಮೂವತ್ತು ದಾಟಿದ್ದೇನೆ, ಈ ಮನೆಯಲ್ಲಿ ಈ ಮಾತನ್ನು ಎಂದೂ ಕೇಳಿಲ್ಲ. ಅವಳು ನಿಧಾನವಾಗಿ ಹೇಳಿದಳು. ಮದುವೆಯಾದ ಮರುವರ್ಷ. ಮನೆಯಲ್ಲೇ ಹೆರಿಗೆಯಾಯಿತು, ಅದಕ್ಕೂ ಉಸಿರಿರಲಿಲ್ಲ. ಅವಳ ಅತ್ತೆ ಅವಳ ಕಣ್ಣಿನ ಮೇಲೆ ಸೆರಗು ಹಾಕಿ ಹಿಡಿದುಕೊಂಡರಂತೆ. ಗಂಡೋ ಹೆಣ್ಣೋ ಅದನ್ನೂ ಯಾರೂ ಹೇಳಲಿಲ್ಲ. ನನ್ನ ಅಪ್ಪ ಗುಡದಪ್ಪ ಅದನ್ನು ಒಯ್ದು, ಬಂದು, ಕೈಕಾಲು ತೊಳೆದು ಊಟಕ್ಕೆ ಕೂತರಂತೆ. ಅಪ್ಪ ಹೋಗಿ ಎಂಟು ವರ್ಷವಾಯಿತು. ಅಷ್ಟು ವರ್ಷ ಜೊತೆಗಿದ್ದೂ ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

“ಮರ್ತಬಿಡು ಅಂದ್ರು. ನಾ ಮರ್ತೇನಿ ಅಂತನ ತಿಳದಿದ್ದೆ. ಈಕಿಗೂ ಅದನ್ನ ಹೇಳಿದೆ” ಎಂದಳು ಅವ್ವ. ನನ್ನ ಕಡೆ ತಿರುಗಿದಳು. “ನಂದೂ ಒಂದು ಮಾಡಿ ಕೊಡ್ತಿಯೇನಪಾ?”

ಆ ಮುಖ ನೋಡಿದವರು ಯಾರೂ ಉಳಿದಿಲ್ಲವಲ್ಲ ಅವ್ವ, ಹೇಗೆ ಮಾಡಲಿ ಎಂದೆ.

ಮೇಘಾ ಬಂದು ಅವಳ ಪಕ್ಕದಲ್ಲಿ ಕೂತಳು. “ಅತ್ತಿ, ನೀವು ಅದನ್ನ ಮನಸಿನ್ಯಾಗ ಎಂದಾರ ಕಂಡೀರೇನು?” ಎಂದು ಕೇಳಿದಳು.

ಅವ್ವ ಮಣ್ಣಿನ ಗದ್ದದ ಸೀಳನ್ನು ಬೆರಳಿನಿಂದ ಸವರಿದಳು.

“ಇಂವ ಹುಟ್ಟಿದಾಗ ಇವನ ಮಾರಿ ನೋಡಿಕೋಂತ ಕುಂತಿದ್ದೆ. ಅದೂ ಹಿಂಗ ಇತ್ತೇನೋ ಅಂತ. ಎಲ್ಲಾರೂ ಕೂಸಿನ ಮ್ಯಾಲೆ ಎಷ್ಟ ಮಾಯೆ ನೋಡ್ರಿ ಅಂದ್ರು.”

ಭಾನುವಾರ, 15 ಏಪ್ರಿಲ್

ನಿನ್ನೆ ಮೇಘಾ ಒಬ್ಬಳೇ ರಾಣೆಬೆನ್ನೂರಿಗೆ ಹೋಗಿ ಪುಷ್ಪಲತಾ ಮೇಡಂ ಅವರಿಂದ ಮಣ್ಣು ತಂದಿದ್ದಳು. ಇವತ್ತು ಹಿತ್ತಲಲ್ಲಿ ಗೋಣಿಚೀಲ ಹಾಸಿದಳು. ಅವ್ವ ಬಳೆಗಳನ್ನು ಮೇಲೆ ಸರಿಸಿ ಕೂತಳು. ಹಿಟ್ಟಿನ ಹಾಗೆ ನಾದಬೇಕೇ ಎಂದು ಸೊಸೆಯನ್ನು ಕೇಳಿದಳು. ಅದಕ್ಕಿಂತ ಗಟ್ಟಿ ಎಂದು ಮೇಘಾ ತೋರಿಸಿಕೊಟ್ಟಳು. ಅವ್ವನ ಬೆರಳು ಮೊದಲು ಹಿಂಜರಿದವು, ಆಮೇಲೆ ನಿಲ್ಲಲಿಲ್ಲ. ಗಂಡೋ ಹೆಣ್ಣೋ ಎಂದು ಮೇಘಾ ಕೇಳಿದ್ದಕ್ಕೆ, ಕೂಸಿನ ಮಾರಿಯಲ್ಲಿ ಅದು ಎಲ್ಲಿ ಗೊತ್ತಾಗುತ್ತದೆ ಎಂದಳು.

ನನ್ನನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಮಣ್ಣಿನ ಕೈಯಿಂದಲೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನೋಡಿ, ಮಣ್ಣಿನಲ್ಲಿ ಕಣ್ಣಿನ ತಗ್ಗು ಒತ್ತುವಳು. ಮತ್ತೆ ನನ್ನನ್ನು ನೋಡುವಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೇಘಾ ತನ್ನ ಸೆರಗಿನಿಂದ ಒರೆಸಿದಳು. ನಾನು ಏನೋ ಹೇಳಲು ಹೋದೆ.

“ಅಳ್ಳಾಡಬ್ಯಾಡ” ಎಂದಳು ಅವ್ವ.

ಗದ್ದದ ಮೇಲೆ ಮಣ್ಣು ಒಣಗಿ ಬಿಗಿಯುತ್ತಿತ್ತು. ಬಿಸಿಲು ಗೋಡೆ ದಾಟಿ ಹೋಗುವ ತನಕ ಹಾಗೇ ಕೂತಿದ್ದೆ.